ಮೀನಿಗೆ ಹೊಳೆ ನೀರು

ದಾವಣಗೆರೆಯ ಮನೆಗಳಲ್ಲಿ ನೀರಿಗೆ ಎರಡು ಜಾತಿ. ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ್ದು ಹೊಳೆ ನೀರು. ನಲ್ಲಿಯಲ್ಲಿ ಅದು ಬಂದಾಗ ಬಂತು. ಮಿಕ್ಕಂತೆ ಬೋರ್ ನೀರು. ಬೋರ್ ನೀರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಗೀಸರಿನೊಳಗೆ ಸುಣ್ಣ ಕಟ್ಟುತ್ತದೆ. ಇಷ್ಟು ತಿಳಿದವರಿಗೆ ಗಿಡ ಬೆಳೆಸುವ ಅಕ್ವೇರಿಯಂನ ಅರ್ಧ ವಿದ್ಯೆ ಬಂದ ಹಾಗೆಯೇ.

ಉಳಿದರ್ಧ ನೀರು ಪರೀಕ್ಷಿಸುವ ಕಿಟ್ಟಿನಲ್ಲಿದೆ. ಜಿಎಚ್ ಎಂದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಲೆಕ್ಕ. ಅದು ತುಸು ಹೆಚ್ಚಿದ್ದರೂ ಗಿಡಗಳು ತಕರಾರು ಮಾಡುವುದಿಲ್ಲ. ಆಟ ಆಡಿಸುವುದು ಕೆಎಚ್, ಅಂದರೆ ಬೈಕಾರ್ಬೊನೇಟು. 5 ಮಿಲಿ ನೀರಿಗೆ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡುತ್ತ ಅಲುಗಿಸಬೇಕು. ನೀಲಿ, ನೀಲಿ, ಇನ್ನೂ ನೀಲಿ. ಒಂದು ತೊಟ್ಟಿಗೆ ಥಟ್ಟನೆ ಹಳದಿ. ಎಷ್ಟು ತೊಟ್ಟೋ ಅಷ್ಟು ಡಿಗ್ರಿ.

ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಗಿಡ ಸೊಂಪಾಗಿ ಬರಲು 30 ಇರಲಿ ಎನ್ನುತ್ತಾರೆ. ಅದಕ್ಕೇ ಸಿಲಿಂಡರು, ಇಲ್ಲವೇ ಬಾಟಲಿಯಲ್ಲಿ ಸಕ್ಕರೆ, ಈಸ್ಟು. ಇಲ್ಲೊಂದು ಅಪಾಯವಿದೆ. 'ಅನಿಲ ಬಿಟ್ಟು ಪಿಎಚ್ 6.6ಕ್ಕೆ ಇಳಿಸಿ, ಸಾಕು' ಎಂದು ಸಲಹೆ ಕೊಡುವವರು ಬಹಳ. ಕೆಎಚ್ 4 ಇರುವ ನೀರಿಗೆ ಆ ಮಾತು ಸರಿ, ಅನಿಲ ಸುಮಾರು 30 ಆಗುತ್ತದೆ. ಬೋರ್ ನೀರಿನ ಕೆಎಚ್ 14 ಅಂದುಕೊಳ್ಳಿ. ಅಲ್ಲಿ 7.15ಕ್ಕೇ 30 ಸಿಕ್ಕಿರುತ್ತದೆ, 6.6ರ ತನಕ ಹಟ ಹಿಡಿದರೆ ನೂರು ದಾಟಿ, ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತವೆ. ಪಿಎಚ್ ಒಂದನ್ನೇ ನಂಬುವುದು ಜ್ವರ ನೋಡಿ ಔಷಧಿ ಬರೆದ ಹಾಗೆ.

ತಮಾಷೆ ಏನೆಂದರೆ, ಬೋರ್ ನೀರನ್ನು ಗಡಸು ಮಾಡಿದ್ದೂ ಇದೇ ಅನಿಲ. ನಮ್ಮ ಕಡೆಯ ಎರೆ ಮಣ್ಣಿನಲ್ಲಿ ಸುಣ್ಣದ ಹರಳುಗಳಿವೆ. ಬೇರುಗಳು ಬಿಟ್ಟ ಉಸಿರು ಇಂಗುವ ಮಳೆ ನೀರಿಗೆ ಸೇರಿ, ಆ ಹುಳಿಗೆ ಸುಣ್ಣ ಕರಗುತ್ತದೆ. ನಾವು ದುಡ್ಡು ಕೊಟ್ಟು ತುಂಬಿಸುವ ಸರಕು ಬೈಕಾರ್ಬೊನೇಟಿನ ವೇಷದಲ್ಲಿ ನೀರಿನಲ್ಲೇ ಕೂತಿರುತ್ತದೆ. ಕೆರೆಯ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗಳಿಗೆ ಈ ಗುಟ್ಟು ಗೊತ್ತು. ಅನಿಲ ಸಾಲದಾದಾಗ ಬೈಕಾರ್ಬೊನೇಟನ್ನೇ ಒಡೆದು ಉಣ್ಣುತ್ತವೆ, ಸುಣ್ಣವನ್ನು ಎಲೆಯ ಮೇಲೆ ಉಗುಳುತ್ತವೆ. ಅಂಥ ಎಲೆಯನ್ನು ಹೆಬ್ಬೆರಳಲ್ಲಿ ಉಜ್ಜಿದರೆ ಒರಟೊರಟು, ಬೆರಳಿಗೆ ಬಿಳಿ ಪುಡಿ. ಇವೆರಡನ್ನೇ ಸಾಕುವವರು ಸಿಲಿಂಡರಿಗೆ ದುಡ್ಡು ಸುರಿಯುವುದು ದಂಡ.

ನನಗೆ ಬೇಕಿದ್ದುದು ರೋಟಾಲಾ ಮಕ್ರಾಂಡ್ರಾದ ಕೆಂಪು. ಪಶ್ಚಿಮ ಘಟ್ಟದ ಕಡೆಯ ಈ ಗಿಡಕ್ಕೆ ಬೈಕಾರ್ಬೊನೇಟು ಆಗಿಬರುವುದಿಲ್ಲ. ಬೋರ್ ನೀರಲ್ಲಿ ಚಿಗುರು ಮುರುಟಿ ಕೊಳೆಯುತ್ತದೆ. ತುಂಗಾ ಪಾನ, ಗಂಗಾ ಸ್ನಾನ ಎಂಬ ಗಾದೆ ಇದರ ಮಟ್ಟಿಗೂ ನಿಜ. ಹಾಗೆಂದು ನಲ್ಲಿ ಬಂದ ದಿನ ಬಕೆಟ್ ಹಿಡಿದು ನಿಂತರೆ ಅವ್ವ ಬಿಟ್ಟಾಳೆಯೇ?

"ಮೀನಿಗೆ ಹೊಳೆ ನೀರು, ನಮಗೆ ಬೋರ್ ನೀರು. ಭಾಳ ಚೆನ್ನಾಗೈತಪ್ಪ! ತಾರಸಿ ನೀರು ಹಿಡ್ಕ, ಯಾರು ಬ್ಯಾಡಂದರು?"

ಮಳೆಗಾಲದ ಮಟ್ಟಿಗೆ ಅವಳ ಮಾತೇ ನಡೆಯುತ್ತಿದೆ. ಬರೀ ಮಳೆ ನೀರು ಹಾಕುವಂತಿಲ್ಲ. ಅದರ ಕೆಎಚ್ ಹೆಚ್ಚುಕಡಿಮೆ ಸೊನ್ನೆ, ಅನಿಲ ಬಿಟ್ಟೊಡನೆ ಪಿಎಚ್ ಜರ್ರನೆ ಇಳಿದುಬಿಡುತ್ತದೆ. ಅದನ್ನು ತಡೆಯಲು ಎರಡೂವರೆ ಬಕೆಟ್ಟಿಗೆ ಒಂದು ಬಕೆಟ್ ಬೋರ್ ನೀರನ್ನೇ ಬೆರೆಸಬೇಕು.