ಕೀಪ್ ಅಂದ್ರೆ ಮಡಗೋದಾ? (ಇಂಗ್ಲಿಷ್ ಜೊತೆ ಗುದ್ದಾಟ, ಭಾಗ 4)

ಫೋಟೋದಲ್ಲಿರೋದು ನಮ್ಮ ಗೊರೂರು ಡ್ಯಾಮಿನ ಹಿನ್ನೀರು. ಅಲ್ಲಿಗೆ ಬರ್ತೀನಿ, ಮೊದ್ಲು ಕ್ಲಾಸ್‌ರೂಮ್ ಕಥೆ.

ಪ್ರೆಸೆಂಟೇಶನ್ ದಿನ ನಾನು "ಐ ಕೆಪ್ಟ್ ಮೈ ಬ್ಯಾಗ್ ಆನ್ ದ ಟೇಬಲ್" ಅಂದೆ. ಹಿಂದಿನ ಬೆಂಚಿಂದ ನಗು. ಅಲ್ಲಿ 'ಪುಟ್' ಬರ್ಬೇಕಂತೆ. ನಕ್ಕೋರಲ್ಲಿ ಕೆಲವ್ರು ಇದನ್ನ ಓದ್ತಿದೀರ, ಬೇಜಾರಿಲ್ಲ. (ಸ್ವಲ್ಪ ಇದೆ.)

ಮನೆಗೆ ಬಂದು ಯೋಚ್ನೆ ಮಾಡ್ದೆ. ನಮಗೆ ಬ್ಯಾಗೂ ಇಡು, ಹೆಸರೂ ಇಡು, ಫೋನೂ ಇಡು. ಇಂಗ್ಲಿಷಲ್ಲಿ ಕೈಯಿಂದ ಕೆಳಗಿಟ್ಟು ಮುಗೀತು ಅಂದ್ರೆ ಪುಟ್, ನಮ್ಮ ಹತ್ರನೇ ಉಳಿದ್ರೆ ಕೀಪ್. ಕನ್ನಡದಲ್ಲೂ ಈ ವ್ಯತ್ಯಾಸ ಇದೆ, ಬಾಲದಲ್ಲಿದೆ ಅಷ್ಟೇ: ಇಡು, ಇಟ್ಕೋ. ಆಟೋದವ್ರಿಗೆ "ಚಿಲ್ಲರೆ ಇಟ್ಕೊಳ್ಳಿ" ಅಂತೀವಿ, "ಇಡಿ" ಅನ್ನಲ್ಲ. ಕೊಟ್ಟ ಮಾತನ್ನ ಉಳಿಸ್ಕೋತೀವಿ, ಹಸು ಸಾಕ್ತೀವಿ. 'ಕೀಪ್ ಗೋಯಿಂಗ್' ಅಂದ್ರೆ ಏನನ್ನೂ ಇಡೋದೇ ಇಲ್ಲ, ಹೋಗ್ತಾ ಇರು ಅಷ್ಟೇ.

ಇದನ್ನೆಲ್ಲ ಅಜ್ಜಿಗೆ ಹೇಳ್ದೆ. ಅಜ್ಜಿ 'ಇಡು' ಅನ್ನಲ್ಲ, 'ಮಡಗು' ಅಂತಾರೆ. ಅವ್ರ ಹಳೇ ಊರು ಹೇಮಾವತಿ ಅಣೆಕಟ್ಟಿನ ನೀರಲ್ಲಿ ಮುಳುಗ್ತು. ಅಣೆಕಟ್ಟು ಮುಗಿದಿದ್ದು 1979ರಲ್ಲಿ. ರೀಲ್ಸ್ ಮಾಡೋಕೆ ಶೆಟ್ಟಿಹಳ್ಳಿ ಚರ್ಚ್‌ಗೆ ಹೋಗ್ತೀರಲ್ಲ, ಮಳೆಗಾಲದಲ್ಲಿ ಅದನ್ನ ಅರ್ಧ ನುಂಗೋದೂ ಇದೇ ನೀರು. ಬಾಗಿಲು, ತೊಲೆ, ಹೆಂಚು ಎಲ್ಲಾ ಕಿತ್ತು ಗಾಡಿಗೆ ಹೇರ್ಕೊಂಡು ಹೊಸ ಊರಿಗೆ ಬಂದ್ರಂತೆ. ಒರಳುಕಲ್ಲು ನೆಲದಲ್ಲಿ ಹೂತಿತ್ತು, ಎತ್ತೋಕಾಗ್ಲಿಲ್ಲ.

"ಅದ ಅಲ್ಲೇ ಮಡಗಿದೀವಿ."

ಇದನ್ನ ಇಂಗ್ಲಿಷಿಗೆ ಮಾಡಿ ನೋಡಿ. 'ವಿ ಪುಟ್ ಇಟ್ ದೇರ್' ಅನ್ನೋಕಾಗಲ್ಲ, ಕಲ್ಲು ಮೊದ್ಲಿಂದ ಅಲ್ಲೇ ಇತ್ತು. 'ವಿ ಲೆಫ್ಟ್ ಇಟ್' ಅಂದ್ರೆ ಬಿಟ್ಟು ಬಂದ್ವಿ ಅಂತ. ಅಜ್ಜಿ ಒಂದ್ಸಲಾನೂ ಹಾಗೆ ಅಂದಿಲ್ಲ. ಬೇಸಿಗೇಲಿ ನೀರು ಇಳಿದಾಗ ಬಸ್ ಕಿಟಕಿಯಿಂದ ಆ ಕಡೆ ನೋಡ್ತಾರೆ, ಬೀರುವಲ್ಲಿ ಮಡಗಿರೋ ಸೀರೆ ಇನ್ನೂ ಇದ್ಯಾ ಅಂತ ನೋಡೋ ಹಾಗೆ.

ನೋಟ್‌ಬುಕ್ಕಲ್ಲಿ 'ವಿ ಕೆಪ್ಟ್ ಇಟ್ ದೇರ್' ಅಂತಾನೇ ಬರ್ಕೊಂಡಿದೀನಿ. ಕೆಂಪು ಇಂಕ್ ಬಿದ್ರೆ ಬೀಳ್ಲಿ.

ಬ್ಯಾಗ್ ವಿಷ್ಯದಲ್ಲಿ ಮಾತ್ರ ನೀವೇ ಸರಿ. ಮುಂದಿನ ಸಲ 'ಲೆಂಡ್' ಮತ್ತು 'ಬಾರೋ', ನನ್ನ ಛತ್ರಿ ಈಸ್ಕೊಂಡೋರು ತಪ್ಪದೆ ಓದಿ.