ಮಾಮ, ಮೊದಲಿಂದ ನುಡಿಸ್ಲಾ?

ಜೂನ್‌ನ ಒಂದು ಸಂಜೆ. ನಾನು ರೂಮಿನ ಬಾಗಿಲು ಹಾಕ್ಕೊಂಡು ಆಫೀಸ್ ಕಾಲ್‌ನಲ್ಲಿದ್ದೆ. ಹೊರಗೆ ಹಾಲ್‌ನಲ್ಲಿ ಅಕ್ಕನ ಮಗಳು ಪುಟ್ಟಿಯ ಪಿಯಾನೋ ಪ್ರಾಕ್ಟೀಸ್. ಅದೇ ಟ್ಯೂನ್, ಅದೇ ಜಾಗದಲ್ಲಿ ಅದೇ ತಪ್ಪು. ಒಂದು ಸಲ, ಎರಡು ಸಲ, ಮೂರು ಸಲ. ನಾಲ್ಕನೇ ಸಲಕ್ಕೆ ಅನುಮಾನ ಬಂತು. ಮನುಷ್ಯರಾದವರು ತಪ್ಪನ್ನೂ ಇಷ್ಟು ಕರಾರುವಾಕ್ಕಾಗಿ ಮಾಡಲ್ಲ. ಬಾಗಿಲು ತೆಗೆದು ನೋಡಿದ್ರೆ, ಪುಟ್ಟಿ ನೆಲದ ಮೇಲೆ ಬೋರಲು ಮಲಗಿ ಟಿಂಕಲ್ ಓದ್ತಿದ್ದಾಳೆ. ಪಿಯಾನೋ ತನ್ನ ಪಾಡಿಗೆ ತಾನು ನುಡೀತಿದೆ!

ಡಿಜಿಟಲ್ ಪಿಯಾನೋದಲ್ಲಿ ರೆಕಾರ್ಡ್ ಬಟನ್ ಅಂತ ಒಂದಿರುತ್ತೆ. ಒಂದು ಸಲ ನುಡಿಸಿ, ರೆಕಾರ್ಡ್ ಮಾಡಿ, ಅದನ್ನೇ ಮತ್ತೆ ಮತ್ತೆ ಹಾಕ್ತಿದ್ದಳು. 'ದಿನಾ ಅರ್ಧ ಗಂಟೆ ನನ್ನ ಕಿವಿಗೆ ಪಿಯಾನೋ ಕೇಳ್ತಿರಬೇಕು' ಅಂತ ರೂಲ್ ಮಾಡಿದ್ದವನು ನಾನೇ. ಕೇಳ್ತಿತ್ತಲ್ಲ! ರಿಕ್ವೈರ್‌ಮೆಂಟ್ ಸರಿಯಾಗಿ ಬರೆಯದಿದ್ದರೆ ಏನಾಗುತ್ತೆ ಅಂತ ಎಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡೋ ನನಗೆ ಒಂಬತ್ತು ವರ್ಷದ ಹುಡುಗಿ ತೋರಿಸಿಕೊಟ್ಟಳು.

ನನಗೆ ನಗು ತಡೆಯೋಕಾಗಲಿಲ್ಲ. ಅವಳು ಮಾತ್ರ ನಗಲಿಲ್ಲ. ಕಣ್ಣು ತುಂಬಿಕೊಂಡು, "ಮಾಮ, ನಂಗೆ ಬರಲ್ಲ. ಎಷ್ಟು ಸಲ ನುಡಿಸಿದ್ರೂ ಅಲ್ಲೇ ತಪ್ಪಾಗುತ್ತೆ. ಅಮ್ಮಂಗೆ ಹೇಳಿ ಕ್ಲಾಸ್ ಬಿಡಿಸಿಬಿಡು" ಅಂದಳು.

ಆ 'ನಂಗೆ ಬರಲ್ಲ' ನನ್ನನ್ನು ಚುಚ್ಚಿತು. ಯಾಕಂದ್ರೆ ಹಾಸನದ ನಮ್ಮ ಮನೆಯ ಬೀರು ಮೇಲೆ, ಹಳೇ ಬೆಡ್‌ಶೀಟ್‌ನಲ್ಲಿ ಸುತ್ತಿಟ್ಟ 61 ಕೀಗಳ ಒಂದು ಕೀಬೋರ್ಡ್ ಇನ್ನೂ ಇದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಚೀಟಿ ದುಡ್ಡಲ್ಲಿ ತಂದಿದ್ದು. ಒಂದೂವರೆ ವರ್ಷ ಕುಟ್ಟಿದೆ. ಆಮೇಲೆ ಒಂದು ದಿನ ನಾನೂ ಇದೇ ಮಾತು ಹೇಳಿದೆ. 'ಅವನಿಗೆ ಸಂಗೀತ ಒಲಿಯಲಿಲ್ಲ' ಅಂತ ಮನೆಯವರೆಲ್ಲ ತೀರ್ಮಾನಕ್ಕೆ ಬಂದರು. ನಾನೂ ಅದನ್ನೇ ನಂಬಿದ್ದೆ.

ಅಕ್ಕ-ಭಾವ ಇರೋದು ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ, ಎರಡು ಮಹಡಿ ಕೆಳಗೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇಬ್ಬರೂ ಮನೆ ಸೇರೋದು ಎಂಟು ಗಂಟೆಗೆ. ನನ್ನದು ವರ್ಕ್ ಫ್ರಮ್ ಹೋಮ್. ಹಾಗಾಗಿ ಸಂಜೆ ಹೊತ್ತು ಪುಟ್ಟಿ ನನ್ನ ಪಾಲು, ಅವಳ ಜೊತೆಗೆ 88 ಕೀಗಳ ಪಿಯಾನೋ ಕೂಡ. ವಾರಕ್ಕೊಂದು ದಿನ ಮುಕ್ಕಾಲು ಗಂಟೆ ಮಿಸ್ ಹೇಳಿಕೊಡ್ತಾರೆ. ಉಳಿದ ಆರು ದಿನ? 'ಹೋಗಿ ಪ್ರಾಕ್ಟೀಸ್ ಮಾಡು' ಅಂತೀವಿ. ಪ್ರಾಕ್ಟೀಸ್ ಮಾಡೋದು ಅಂದ್ರೆ ಏನು ಮಾಡೋದು ಅಂತ ಮಕ್ಕಳಿಗೆ ಯಾರೂ ಹೇಳಿರಲ್ಲ.

ಮಾರನೇ ದಿನ ನಾನು ಏನೂ ಮಾತಾಡದೆ ಪಕ್ಕದಲ್ಲಿ ಕೂತೆ. ಕೈಯಲ್ಲಿ ಪೆನ್ನು, ಪೇಪರ್. ಅವಳು ನುಡಿಸ್ತಿದ್ದದ್ದು 'ಮಿನುಯೆಟ್ ಇನ್ ಜಿ'. ಬಾಕ್ ತನ್ನ ಹೆಂಡತಿ ಆನಾ ಮ್ಯಾಗ್ಡಲೀನಾಗೆ ಕೊಟ್ಟ 1725ರ ನೋಟ್‌ಬುಕ್‌ನಲ್ಲಿ ಇರೋ ಸಣ್ಣ ಕೃತಿ. ಬಹಳ ಕಾಲ ಬಾಕ್‌ನದ್ದೇ ಅಂತ ಎಲ್ಲರೂ ಅಂದುಕೊಂಡಿದ್ದರು, ಆಮೇಲೆ ಅದು ಕ್ರಿಶ್ಚಿಯನ್ ಪೆಟ್ಸೋಲ್ಡ್ ಅನ್ನುವವರದ್ದು ಅಂತ ಗೊತ್ತಾಯ್ತು. ಒಟ್ಟು 32 ಬಾರ್. (ಇದು ಬೇರೆ ಬಾರ್! ತಾಳದ ಒಂದೊಂದು ಆವರ್ತ ಇದ್ದ ಹಾಗೆ ಅಂದುಕೊಳ್ಳಿ.)

ಅರ್ಧ ಗಂಟೆ ಆದಮೇಲೆ ನನ್ನ ಪೇಪರ್‌ನಲ್ಲಿ ಇದ್ದ ಲೆಕ್ಕ ಇದು. ಮೊದಲ ಎಂಟು ಬಾರ್ 14 ಸಲ. 21ನೇ ಬಾರ್ ಆರೇ ಸಲ, ಆರೂ ಸಲ ತಪ್ಪು. ಆಮೇಲಿನ ಭಾಗ ಒಂದೇ ಸಲ. ಎಡವಿದ ಕೂಡಲೇ "ಛೇ" ಅಂತ ತಲೆ ಕೊಡವಿ ಮತ್ತೆ ಮೊದಲಿಗೆ ಓಡ್ತಿದ್ದಳು. ಅಂದರೆ ಚೆನ್ನಾಗಿ ಬರೋದನ್ನೇ ಇನ್ನಷ್ಟು ತಿದ್ದಿ ತೀಡಿ, ಬಾರದೇ ಇರೋದನ್ನ ತಪ್ಪಾಗಿಯೇ ಆರು ಸಲ ಬಾಯಿಪಾಠ ಮಾಡಿದ್ದಳು. ಬೆರಳುಗಳಿಗೆ ಸರಿ ಯಾವುದು ತಪ್ಪು ಯಾವುದು ಅಂತ ಗೊತ್ತಾಗಲ್ಲ, ಹೆಚ್ಚು ಸಲ ಏನು ಮಾಡಿದವೋ ಅದನ್ನೇ ಕಲೀತಾವೆ. ನಾವು ಕೋಡ್‌ನಲ್ಲಿ 21ನೇ ಸಾಲಿನಲ್ಲಿ ಬಗ್ ಇದ್ದರೆ ಅಲ್ಲೇ ಬ್ರೇಕ್‌ಪಾಯಿಂಟ್ ಹಾಕಿ ನೋಡ್ತೀವಿ. ಮಗುಗೆ ಮಾತ್ರ "ಮತ್ತೆ ಮೊದಲಿಂದ ನುಡಿಸು" ಅಂತೀವಿ. ನಾನೂ ಹಾಗೇ ಅಂತಿದ್ದೆ, ಪಕ್ಕದ ರೂಮಿನಿಂದ, ಕಾಲ್ ಮ್ಯೂಟ್ ಮಾಡಿ.

ಆ 21ನೇ ಬಾರ್‌ನಲ್ಲಿ ಏನಿದೆ ಅಂತ ಆವತ್ತು ಮೊದಲ ಸಲ ಸರಿಯಾಗಿ ನೋಡಿದೆವು. ಬಲಗೈಯಲ್ಲಿ ಆರು ಸ್ವರ ಒಂದರ ಹಿಂದೆ ಒಂದು ಮೆಟ್ಟಿಲು ಹತ್ತುತ್ತವೆ. ಸ್ವರ ಆರು, ಬೆರಳು ಐದು. ಮೂರು ಬೆರಳು ಮುಗಿದ ಮೇಲೆ ಹೆಬ್ಬೆರಳು ಕೆಳಗಿನಿಂದ ನುಸುಳಿ ಮುಂದೆ ಬರಬೇಕು. ಪುಟ್ಟಿ ಒಂದು ಸಲ ಮೂರನೇ ಬೆರಳಾದ ಮೇಲೆ ನುಸುಳಿಸ್ತಿದ್ದಳು, ಇನ್ನೊಂದು ಸಲ ನಾಲ್ಕನೆಯದಾದ ಮೇಲೆ. ಬೆರಳೇ ಗೊತ್ತಿಲ್ಲದಿದ್ದರೆ ಕೈ ಏನು ಮಾಡೀತು? ತಮಾಷೆ ಅಂದ್ರೆ ಮಿಸ್ ಪೆನ್ಸಿಲ್‌ನಲ್ಲಿ ಪ್ರತಿ ಸ್ವರದ ಮೇಲೂ ಬೆರಳಿನ ನಂಬರ್ ಬರೆದಿದ್ದರು. ಡೈರಿಯಲ್ಲೂ 'ಬಲಗೈ ಬೇರೆ, ಎಡಗೈ ಬೇರೆ, ನಿಧಾನವಾಗಿ' ಅಂತಿತ್ತು. ನಾವಿಬ್ಬರೂ ಓದಿರಲಿಲ್ಲ.

ನಿಧಾನ ಅನ್ನೋದು ಪುಟ್ಟಿಗೆ ಅವಮಾನದ ವಿಷಯ. "ಅದು ಪಾಪುಗಳು ನುಡಿಸೋ ಥರ" ಅಂದಳು. ಆ ವಾರ ಊರಿಂದ ಬಂದಿದ್ದ ಅಮ್ಮ ಅಲ್ಲೇ ಸೊಪ್ಪು ಬಿಡಿಸ್ತಾ ಕೂತಿದ್ದರು. ಅಮ್ಮ ಚಿಕ್ಕಂದಿನಲ್ಲಿ ನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತವರು. ತಲೆ ಎತ್ತದೇ ಸರಳೆ ವರಸೆ ಶುರು ಮಾಡಿದರು. ಮಾಯಾಮಾಳವಗೌಳ, ಒಂದನೇ ಕಾಲ. ಆಮೇಲೆ ಅದರ ಎರಡರಷ್ಟು ವೇಗದಲ್ಲಿ ಎರಡನೇ ಕಾಲ. ಮೂರನೇ ಕಾಲದಲ್ಲಿ ಅಮ್ಮನ ಗಂಟಲು ಕೈಕೊಟ್ಟಿತು, ತಾಳ ಹಾಕ್ತಿದ್ದ ಕೈ ಮಾತ್ರ ತಪ್ಪಲಿಲ್ಲ. "ಮೇಷ್ಟ್ರು ಒಂದನೇ ಕಾಲದಲ್ಲಿ ಶುದ್ಧವಾಗಿ ಬರೋವರೆಗೂ ಎರಡನೇ ಕಾಲ ಮುಟ್ಟೋಕೆ ಬಿಡ್ತಿರಲಿಲ್ಲ ಕಣೇ ಪುಟ್ಟಿ. ನಿಧಾನಕ್ಕೆ ಬರದೇ ಇರೋದು ಜೋರಾಗಿ ಹೆಂಗೆ ಬರುತ್ತೆ?" ಅಂದರು. ನಾನು ಮೆಟ್ರೊನೋಮ್ ಬಗ್ಗೆ ಹತ್ತು ನಿಮಿಷ ಕೊಟ್ಟ ಲೆಕ್ಚರ್ ಕೆಲಸ ಮಾಡಿರಲಿಲ್ಲ. ಅಜ್ಜಿಯ ಮಾತು ಮಾಡಿತು. ಅವತ್ತಿಂದ ನಮ್ಮನೇಲಿ ನಿಮಿಷಕ್ಕೆ 60 ಬಡಿತ ಅಂದ್ರೆ 'ಒಂದನೇ ಕಾಲ'.

ಚೌಕಾಬಾರದ ಕವಡೆ ಕೂಡ ಹೊರಗೆ ಬಂದವು. ಪಿಯಾನೋದ ಎಡಗಡೆ ಐದು ಕವಡೆ. 20 ಮತ್ತು 21ನೇ ಬಾರ್ ಮಾತ್ರ ನುಡಿಸೋದು, ಬಲಗೈ ಒಂದೇ. ಸರಿ ಬಂದರೆ ಒಂದು ಕವಡೆ ಬಲಗಡೆಗೆ. ತಪ್ಪಾದರೆ ಎಲ್ಲಾ ಕವಡೆ ವಾಪಸ್ ಎಡಕ್ಕೆ ಅಂತ ಮೊದಲು ನಿಯಮ ಮಾಡಿದ್ದೆ. ನಾಲ್ಕು ದಾಟಿಸಿ ಐದನೆಯದರಲ್ಲಿ ತಪ್ಪಿದಾಗ ಅವಳು ಕವಡೆಗಳನ್ನೆಲ್ಲ ಸೋಫಾ ಕೆಳಗೆ ಎಸೆದಳು. ತಪ್ಪು ನನ್ನದೇ. ದೊಡ್ಡವರು ಆಟ ಅಂತ ಹೇಳಿ ಶಿಕ್ಷೆ ಕೊಡೋದರಲ್ಲಿ ನಿಸ್ಸೀಮರು. ತಪ್ಪಾದರೆ ಒಂದೇ ಕವಡೆ ವಾಪಸ್ ಅಂತ ಬದಲಾಯಿಸಿದೆವು. ಆಮೇಲೆ ಜಗಳ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ನನಗೆ, ಬಾಯಿ ಮುಚ್ಚಿಕೊಂಡು ಕೂರೋದು. ತಪ್ಪು ಕೇಳಿದ ತಕ್ಷಣ "ತಪ್ಪು!" ಅನ್ನೋ ಚಟ. ನಾನು ಹಾಗೆ ಅಂದಾಗೆಲ್ಲ ಅವಳು ಕೀ ನೋಡೋದು ಬಿಟ್ಟು ನನ್ನ ಮುಖ ನೋಡ್ತಿದ್ದಳು. ತನ್ನ ತಪ್ಪು ಹುಡುಕೋ ಕೆಲಸವನ್ನ ನನಗೆ ಗುತ್ತಿಗೆ ಕೊಟ್ಟಿದ್ದಳು. ಆಗ ನೆನಪಾಗಿದ್ದು ಆ ರೆಕಾರ್ಡ್ ಬಟನ್. "ಟಿಂಕಲ್ ಓದೋಕೆ ಹಾಕಿದ್ಯಲ್ಲ, ಈಗ ಕೇಳೋಕೆ ಹಾಕು" ಅಂದೆ. ನುಡಿಸು, ರೆಕಾರ್ಡ್ ಮಾಡು, ಕೇಳು, ಎಲ್ಲಿ ಎಡವಿತು ಅಂತ ನೀನೇ ಪೆನ್ಸಿಲ್‌ನಲ್ಲಿ ಗುರುತು ಹಾಕು. ಎರಡೇ ದಿನದಲ್ಲಿ ನನಗೆ ಕೇಳಿಸದ ತಪ್ಪೊಂದನ್ನ ಹಿಡಿದಳು. ಎಡಗೈ ಒಂದು ಸ್ವರವನ್ನ ಬೇಗ ಬಿಟ್ಟುಬಿಡ್ತಿತ್ತು. ಸ್ಕ್ರೀನ್ ಮೇಲಿಂದ ಬಣ್ಣಬಣ್ಣದ ಸ್ವರ ಉದುರೋ ಆ್ಯಪ್‌ಗಳನ್ನೂ ನಾವು ನೋಡಿದ್ದೆವು. ಮಜಾ ಇದೆ, ಇಲ್ಲ ಅನ್ನಲ್ಲ. ಆದ್ರೆ ಅದರಲ್ಲಿ ಅವಳ ಕಣ್ಣಿಗೆ ಕೆಲಸ ಇತ್ತು, ಕಿವಿಗೆ ಇರಲಿಲ್ಲ.

ಇಂಜಿನಿಯರ್ ಬುದ್ಧಿ ಸುಮ್ಮನಿರಲ್ಲವಲ್ಲ, ರಾತ್ರಿ ಕೂತು ಹುಡುಕಿದಾಗ 2009ರ ಒಂದು ಅಧ್ಯಯನ ಸಿಕ್ಕಿತು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ರಾಬರ್ಟ್ ಡ್ಯೂಕ್ ಮತ್ತು ಸಂಗಡಿಗರು ಪಿಯಾನೋವನ್ನೇ ಓದುತ್ತಿದ್ದ 17 ವಿದ್ಯಾರ್ಥಿಗಳಿಗೆ ಶೋಸ್ತಕೋವಿಚ್‌ನ ಒಂದು ಕೃತಿಯ ಮೂರೇ ಬಾರ್ ಕೊಟ್ಟು, ಎಷ್ಟು ಹೊತ್ತು ಬೇಕೋ ಪ್ರಾಕ್ಟೀಸ್ ಮಾಡಿ ಅಂದರಂತೆ. ಮರುದಿನ ನುಡಿಸಿ ನೋಡಿದಾಗ, ಚೆನ್ನಾಗಿ ನುಡಿಸಿದವರಿಗೂ ಪ್ರಾಕ್ಟೀಸ್ ಮಾಡಿದ ಹೊತ್ತಿಗೂ ಸಂಬಂಧವೇ ಇರಲಿಲ್ಲ. ಎಷ್ಟು ಸಲ ನುಡಿಸಿದರು ಅನ್ನೋದೂ ಲೆಕ್ಕಕ್ಕೆ ಬರಲಿಲ್ಲ. ಎಡವಿದ ಜಾಗವನ್ನ ಸರಿಯಾಗಿ ಗುರುತಿಸಿ, ವೇಗ ಇಳಿಸಿ, ಅಲ್ಲೇ ಸರಿ ಮಾಡಿಕೊಂಡವರು ಮುಂದಿದ್ದರು. ದೊಡ್ಡ ವಿದ್ಯಾರ್ಥಿಗಳ ಕಥೆಯೇ ಹೀಗಿರುವಾಗ ನಾನು ಒಂಬತ್ತು ವರ್ಷದವಳಿಗೆ ಗಡಿಯಾರ ಇಟ್ಟು ಕೂರಿಸಿದ್ದೆನಲ್ಲ ಅಂತ ಕೆಡುಕೆನಿಸಿತು. ಅರ್ಧ ಗಂಟೆ ರೂಲ್ ಆವತ್ತೇ ರದ್ದು. ಬೆಳಗ್ಗೆ ಯೂನಿಫಾರ್ಮ್‌ನಲ್ಲೇ ಮೇಲೆ ಬಂದು, ನಾನು ಕಾಫಿ ಕುಡಿಯೋ ಹೊತ್ತಿಗೆ ಹತ್ತು ನಿಮಿಷ. ಸಂಜೆ ಹದಿನೈದು.

ಇಲ್ಲೊಂದು ಮಾತು ಹೇಳಬೇಕು. ಸಂಜೆ ಚೆನ್ನಾಗಿ ಬಂದದ್ದು ಬೆಳಗ್ಗೆ ಮಾಯವಾಗಿರುತ್ತೆ. ಮೊದಲ ದಿನ ಹಾಗಾದಾಗ ಪುಟ್ಟಿ ಮತ್ತೆ 'ನಂಗೆ ಬರಲ್ಲ' ಶುರು ಮಾಡಿದಳು. ನಿಮ್ಮನೇಲಿ ಮಕ್ಕಳು ಕಲೀತಿದ್ದರೆ ಇದನ್ನ ಮೊದಲೇ ಹೇಳಿಬಿಡಿ. ಮರೆತದ್ದನ್ನ ಮತ್ತೆ ನೆನಪು ಮಾಡಿಕೊಳ್ಳೋದರಲ್ಲೇ ಅದು ಗಟ್ಟಿಯಾಗೋದು. ಮೂರನೇ ದಿನಕ್ಕೆ ಎರಡೇ ಕವಡೆ ವಾಪಸ್ ಬಂದವು.

ಅಕ್ಕನಿಗೆ ಮಾತ್ರ ಇದೆಲ್ಲ ವಿಚಿತ್ರವಾಗಿ ಕಂಡಿತು. "ಏನೋ ಇದು, ಫೀಸ್ ಕಟ್ಟಿ ಎರಡು ತಿಂಗಳಾಯ್ತು, ಪೂರ್ತಿ ಹಾಡು ಒಂದು ದಿನವೂ ಕೇಳಿಲ್ಲ. ಬರೀ ತುಂಡು ತುಂಡು" ಅಂದಳು. ಅವಳು ಹೇಳಿದ್ದು ನಿಜ. ಪೂರ್ತಿ ನುಡಿಸೋದು ವಾರಕ್ಕೆ ಎರಡೇ ಸಲ ಇತ್ತು. ಕೊನೆಯ ಎಂಟು ಬಾರ್ ಮೊದಲು ಕಲಿತು, ಆಮೇಲೆ ಅದರ ಹಿಂದಿನ ಎಂಟು, ಹೀಗೆ ಹಿಂದಿನಿಂದ ಮುಂದಕ್ಕೆ ಬಂದೆವು. 1, 9, 17, 25ನೇ ಬಾರ್‌ಗಳ ಮೇಲೆ ಪೆನ್ಸಿಲ್‌ನಲ್ಲಿ ನಾಲ್ಕು ನಕ್ಷತ್ರ. ನಾನು ಯಾವ ನಕ್ಷತ್ರ ಹೇಳಿದರೂ ಅಲ್ಲಿಂದ ಶುರು ಮಾಡಬೇಕು. ಅದು ಅವಳಿಗೆ ಬಹಳ ಇಷ್ಟದ ಆಟ ಆಯ್ತು.

ಸೆಪ್ಟೆಂಬರ್‌ನಲ್ಲಿ ಮಿಸ್ ಮನೆಯಲ್ಲೇ ಸಣ್ಣ ಕಾರ್ಯಕ್ರಮ. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಸಮೋಸ, ಫ್ರೂಟಿ. ಪುಟ್ಟಿ ಕೂತಳು. ಶುರು ಚೆನ್ನಾಗಿತ್ತು. ಹನ್ನೊಂದನೇ ಬಾರ್‌ಗೆ ಬಂದಾಗ, ಮನೆಯಲ್ಲಿ ಒಂದು ದಿನವೂ ತಪ್ಪದ ಜಾಗದಲ್ಲಿ, ಕೈ ನಿಂತುಬಿಟ್ಟಿತು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ನಾನು ಮನಸ್ಸಿನಲ್ಲೇ 'ಮೊದಲಿಗೆ ಹೋಗಬೇಡ, ಹೋಗಬೇಡ' ಅಂತಿದ್ದೆ. ಒಂದೆರಡು ಕ್ಷಣ ಅಷ್ಟೇ. ಪುಟ್ಟಿ ನೇರವಾಗಿ ಮೂರನೇ ನಕ್ಷತ್ರಕ್ಕೆ ಹಾರಿದಳು. 21ನೇ ಬಾರ್‌ನಲ್ಲಿ ಹೆಬ್ಬೆರಳು ಸದ್ದಿಲ್ಲದೆ ನುಸುಳಿ ಹೋಯಿತು. ಆರು ಬಾರ್ ಕಾಣೆಯಾಗಿದ್ದು ಮಿಸ್ ಮತ್ತು ನನ್ನನ್ನು ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ ಅನ್ಸುತ್ತೆ. ಚಪ್ಪಾಳೆ ಆದಮೇಲೆ ಓಡಿ ಬಂದವಳು ಮೊದಲು ಹೇಳಿದ್ದು, "ಮಾಮ, ಆರು ಬಾರ್ ನುಂಗಿಬಿಟ್ಟೆ!"

ಈಗ ಹೊಸ ಪಾಠ ಕೊಟ್ಟಿದ್ದಾರೆ. ಮಂಗಳವಾರ ಹೋಮ್‌ವರ್ಕ್ ನೆಪದಲ್ಲಿ ಈಗಲೂ ಚಕ್ಕರ್ ಹೊಡೀತಾಳೆ. ಮುಂದಿನ ವರ್ಷ ಪಿಯಾನೋ ಇರುತ್ತೋ, ಸ್ಕೇಟಿಂಗ್ ಬರುತ್ತೋ ಗೊತ್ತಿಲ್ಲ. ಮೊನ್ನೆ ಕಾಲ್‌ನಲ್ಲಿದ್ದಾಗ ಹೊರಗಿನಿಂದ ಎಡಗೈ ಒಂದೇ ಕೇಳಿಸಿತು, ಎರಡು ಬಾರ್, ಒಂದನೇ ಕಾಲ. ಒಂದು ಸ್ವರ ತಪ್ಪಿತು. ಕಾಲ್ ಮ್ಯೂಟ್ ಮಾಡಿ ಬಾಗಿಲ ಹತ್ತಿರ ಹೋದೆ. ಒಳಗೆ ಸದ್ದೇ ಇಲ್ಲ. ಆಮೇಲೆ ಕವಡೆ ಜರುಗಿದ ಶಬ್ದ, ಮತ್ತೆ ಅದೇ ಎರಡು ಬಾರ್. ನಾನು ವಾಪಸ್ ಬಂದು ಅನ್‌ಮ್ಯೂಟ್ ಮಾಡಿಕೊಂಡೆ.