ಮಣ್ಣಿಲ್ಲದ ಹೂದೋಟ

ಮಧುಗಿರಿಯ ಏಕಶಿಲಾ ಬೆಟ್ಟವು ಹಗಲೆಲ್ಲ ಹೀರಿಕೊಂಡ ಬಿಸಿಲನ್ನು ಇರುಳಿನಲ್ಲಿ ಹೊರಸೂಸುತ್ತದೆ. ಬೇಸಗೆಯಲ್ಲಿ ಜಯಮಂಗಲಿಯ ಪಾತ್ರದಲ್ಲಿ ಕಾಣುವುದು ಮರಳು ಮಾತ್ರ. ಆದರೂ ಈ ಸೀಮೆಯ ರೈತನು ಹೂವನ್ನು ಮರೆತವನಲ್ಲ. ತಲಪರಿಗೆಯ ಒರತೆಯನ್ನೋ ಕೊಳವೆ ಬಾವಿಯನ್ನೋ ನಂಬಿ ಕನಕಾಂಬರ, ಸೇವಂತಿಗೆಗಳನ್ನು ಬೆಳೆಯುತ್ತ ಬಂದಿದ್ದಾನೆ. ಮಂಟಪಗಳನ್ನು ಅಲಂಕರಿಸುವ ಜರ್ಬೆರಾ ಹೂವಿಗಾದರೋ ಬಯಲಿನ ಈ ಬಿಸಿಲು ಸಹಿಸದು. ಅದಕ್ಕೆ ಹಸಿರುಮನೆಯ ನೆರಳು ಬೇಕು; ಮಣ್ಣು ಇಲ್ಲದಿದ್ದರೂ ನಡೆಯುತ್ತದೆ.

ಮಣ್ಣಿಲ್ಲದೆ ಗಿಡವುಂಟೆ ಎಂದು ಹುಬ್ಬೇರಿಸಬೇಕಾಗಿಲ್ಲ. ಜರ್ಮನಿಯ ವಿಜ್ಞಾನಿಗಳು 1860ರ ಸುಮಾರಿಗೇ ಲವಣಗಳನ್ನು ಕರಗಿಸಿದ ನೀರಿನಲ್ಲಿ ಸಸ್ಯಗಳನ್ನು ಬೆಳೆಸಿ ತೋರಿಸಿದ್ದರು. ಇಂದಿನ ಬೆಳೆಗಾರನು ಕುಂಡಕ್ಕೆ ತೆಂಗಿನ ನಾರಿನ ಪುಡಿಯನ್ನು ತುಂಬುತ್ತಾನೆ. ತಿಪಟೂರು, ಗುಬ್ಬಿಗಳ ತೆಂಗಿನ ಸೀಮೆಯೂ ಇದೇ ತುಮಕೂರು ಜಿಲ್ಲೆಯದು. ಆ ಪುಡಿಯು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಆದರೆ ಅದರಲ್ಲಿರುವ ಉಪ್ಪನ್ನು ಮೊದಲು ತೊಳೆಯದಿದ್ದರೆ ಬೇರು ಕೆಡುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದ ಆಹಾರವು ನೀರಿನೊಡನೆ ಹನಿಹನಿಯಾಗಿ ಬುಡವನ್ನು ಸೇರುತ್ತದೆ. ಬುಡಕೊಳೆ ರೋಗ ಕಾಣಿಸಿದರೆ ಆ ಕುಂಡವೊಂದನ್ನೇ ಎತ್ತಿ ಹೊರಗಿಡಬಹುದು.

ತೊಡಕಿರುವುದು ನೀರಿನಲ್ಲಿ. ಪಾವಗಡದ ಕಡೆಯ ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಜನರ ಹಲ್ಲು ಮೂಳೆಗಳನ್ನು ಕೆಡಿಸುವ ಆ ನೀರು ಜರ್ಬೆರಾಕ್ಕೂ ಆಗದು; ಕೊಯ್ದ ಹೂವನ್ನು ಅದರಲ್ಲಿಟ್ಟರೆ ದಳಗಳು ಕಮರುತ್ತವೆ. ಇನ್ನು ಹಸಿರುಮನೆಯನ್ನು ತಂಪುಮಾಡುವುದೂ ನೀರೇ. ಹಿಂದೆ ಸಿರಿವಂತರ ಮನೆಗಳಲ್ಲಿ ಕಟ್ಟುತ್ತಿದ್ದ ಲಾವಂಚದ ತಟ್ಟಿಯಂತೆ, ಇಲ್ಲಿಯೂ ಒದ್ದೆ ತಟ್ಟಿಯ ಮೂಲಕ ಗಾಳಿಯನ್ನು ಎಳೆಯುತ್ತಾರೆ. ಗಾಳಿ ಒಣಗಿದಷ್ಟೂ ತಂಪು ಹೆಚ್ಚು, ನೀರಿನ ಖರ್ಚೂ ಹೆಚ್ಚು.

ಉಳಿದದ್ದು ಮಳೆನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಎಕರೆಯಷ್ಟು, ಎಂದರೆ ಸುಮಾರು 4,000 ಚದರ ಮೀಟರಿನ ಛಾವಣಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ 20 ಲಕ್ಷ ಲೀಟರ್! ಹಿಗ್ಗುವ ಮೊದಲು ಖರ್ಚಿನ ಲೆಕ್ಕವನ್ನೂ ನೋಡಬೇಕು. ಚದರ ಮೀಟರಿಗೆ ಆರರಂತೆ 24,000 ಗಿಡಗಳು. ದಿನಕ್ಕೆ ಅರ್ಧ ಲೀಟರಿನಂತೆ 12,000 ಲೀಟರ್. ತಟ್ಟಿಗೆ ಒಂದು ಹನಿಯನ್ನೂ ಕೊಡದಿದ್ದರೂ ಅದು ಐದೂವರೆ ತಿಂಗಳಿಗೆ ಮುಗಿಯುತ್ತದೆ. ಸಾಲ ಮಾಡಿ ಹಸಿರುಮನೆ ಕಟ್ಟಿದವನು ಆದುದರಿಂದ ಕುಂಡದಿಂದ ಬಸಿದ ನೀರನ್ನೂ ಹಿಡಿದು ಮತ್ತೆ ಬಳಸುತ್ತಾನೆ, ಬಾವಿಯ ನೀರನ್ನು ಮಳೆನೀರಿನೊಡನೆ ಬೆರೆಸುತ್ತಾನೆ. ಆಶ್ವಯುಜದ ಮಳೆಗೆ ತುಂಬಿದ ಹೊಂಡವು ಚೈತ್ರದ ಹೊತ್ತಿಗೆ ತಳ ಕಾಣುತ್ತದೆ. ಹೂವಿಗೆ ಬೆಲೆ ಬರುವ ವೈಶಾಖದ ಮದುವೆಗಳು ಇನ್ನೂ ಮುಂದಿರುತ್ತವೆ.